ವೈವಾದಾಗ ಸವಿತಾ ಬಾಯಿ ಬಿಟ್ಟಳು

ಗೆಳೆಯರ, ಇವತ್ತ ಅಥಣಿ ಕಾಲೇಜಿನಾಗ ನಂದೂ ಗೆಳತಿ ಸವಿತಾಂದೂ ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಪ್ರಾಜೆಕ್ಟ್ ವೈವಾ ಇತ್ರಿ. ಇದ್ರಾಗ ಪಾಸಾಗದಿದ್ರ ಡಿಗ್ರಿ ಇಲ್ಲ. ದ್ರಾಕ್ಷಿ ಎಲಿ ಫೋಟೋ ನೋಡಿ ರೋಗ ಐತೋ ಇಲ್ಲೋ ಹೇಳೋ ಪ್ರೋಗ್ರಾಮ್ ನಮ್ಮದು. ಪರೀಕ್ಷಕರು ಮೆಚ್ಚಿ, "ತ್ವಾಟದಾಗ ಹಚ್ಚಿ ನೋಡೀರೇನು?" ಅಂದ್ರು.

"ನೋಡೇವ್ರಿ ಸರ್" ಅಂದು ನಾ ಸುಮ್ಮನಾದೆ. ಸವಿತಾ ಸುಮ್ಮನಾಗಲಿಲ್ಲ. "ನಮ್ಮೂರು ಐಗಳಿಯೊಳಗ ಅಪ್ಪನ ತ್ವಾಟದಾಗ ಅದು ತಪ್ಪ ಹೇಳ್ತ್ರಿ. ಚಲೋ ಎಲಿಗೂ ರೋಗ ಅಂತು. ಅದನ್ನ ನಂಬಿದ್ರ ಅಪ್ಪ ಸುಮ್ಮಸುಮ್ಮನ ಔಷಧ ಹೊಡೀತಿದ್ರು."

ನಾ ಟೇಬಲ್ ಕೆಳಗ ಆಕಿ ಕಾಲ ತುಳದೆ. "ಯಾಕ ತುಳೀತಿ? ಖರೇನ ಐತಲ್ಲ" ಅಂದ್ಲು, ಎಲ್ಲಾರಿಗೂ ಕೇಳೋಹಂಗ!

"ಯಾಕ ತಪ್ಪಾತು?" ಪರೀಕ್ಷಕರು ಕೇಳಿದ್ರು.

"ನಾವು ಅದಕ್ಕ ಬರೇ ಮಧ್ಯಾಹ್ನದ ಫೋಟೋ ತೋರಿಸಿ ಕಲಿಸೇವ್ರಿ. ಅಪ್ಪ ತ್ವಾಟಕ್ಕ ಹೋಗೂದು ಮುಂಜಾನೆ. ಎಲಿ ಮ್ಯಾಲಿನ ಇಬ್ಬನಿ ಹನಿನ ಅದು ರೋಗದ ಚುಕ್ಕಿ ಅಂತ ತಿಳದೈತಿ."

ಎರಡು ವರ್ಷದ ಓದು ನೀರಾಗ ಹೋತು ಅನ್ಕೊಂಡೆ. ಅವರು ಮಾತ್ರ ಸಮಾಧಾನದಿಂದ, "ಇದನ್ನ ವರದಿಯೊಳಗ ಯಾಕ ಬರದಿಲ್ಲ? ಇಬ್ಬನಿ ಫೋಟೋ ಸೇರಿಸಿ ಮತ್ತ ಕಲಿಸ್ರಿ, ಅದರ ಮ್ಯಾಲ ಒಂದು ಅಧ್ಯಾಯ ಬರಕೊಂಡು ಬರ್ರಿ. ಆಮ್ಯಾಲ ಪಾಸ್ ಮಾಡ್ತೀನಿ" ಅಂದ್ರು.

ಹೊರಗ ಬಂದು ಆಕಿನ ಬೈಬೇಕು ಅನ್ಕೊಂಡಿದ್ದೆ, ಆದ್ರ "ಇಬ್ಬನಿ ಫೋಟೋ ತಗ್ಯಾಕ ಯಾವಾಗ ಹೋಗೂಣು?" ಅಂತ ಕೇಳಿದೆ. ನಂಗ ಮಾರ್ಕ್ಸ್ ಚಿಂತಿ ಇತ್ತು, ಆಕಿಗೆ ಆ ಬಳ್ಳಿಗೋಳದು.

ಈ ಡಿಗ್ರಿಗೆ ಹಾಜರಿ ಬೇಕು, ಪರೀಕ್ಷೆ ಬೇಕು, ಪ್ರಾಜೆಕ್ಟ್ ಬೇಕು ಅಂತ ನಂಗ ಗೊತ್ತಿತ್ರಿ. ಹೊತ್ತು ಹುಟ್ಟೂದ್ರೊಳಗ ಅಥಣಿಯಿಂದ ಐಗಳಿ ಮುಟ್ಟಬೇಕು ಅನ್ನೂದನ್ನ ಮಾತ್ರ ಅಡ್ಮಿಷನ್ ದಿನ ಯಾರೂ ಹೇಳಿರಲಿಲ್ಲ.