ಆರು ಗಂಟೆ, ಏಳು ನಿಮಿಷ, ನಲವತ್ತೆರಡು ಸೆಕೆಂಡು

ಹೋದ ಭಾನುವಾರ ಬೆಳಿಗ್ಗೆ ಕೈಯ ವಾಚು ಬಿಚ್ಚಿ ರೇಡಿಯೋ ಮೇಲಿಟ್ಟು ಸ್ನಾನಕ್ಕೆ ಹೋದೆ. ತಲೆಗೆ ಎರಡನೇ ಚೆಂಬು ನೀರು ಹಾಕಿಕೊಳ್ಳುವಷ್ಟರಲ್ಲಿ ಹೆಂಡತಿ ಬಚ್ಚಲ ಬಾಗಿಲು ಬಡಿದಳು.

"ಏನ್ರೀ, ರೇಡಿಯೋದಲ್ಲಿ ಈಗ ಎಂಟು ಹೊಡೀತು. ನಿಮ್ ವಾಚಲ್ಲಿ ಎಂಟೂ ಹದಿನೇಳು ಇದೆ."

"ಇದ್ರೆ ಇರ್ಲಿ. ಅದನ್ನ ಹೇಳೋಕೆ ಈಗ್ಲೇ ಬರ್ಬೇಕಿತ್ತಾ?" ಅಂತ ರೇಗಿದೆ.

ಅವಳು ಬಾಗಿಲಾಚೆಯಿಂದ ಮೆಲ್ಲಗೆ ಕೇಳಿದಳು. "ಹಂಗಾದ್ರೆ ಆ ದೋಣಿ ಮಂಜನ ಗತಿ ಏನ್ರೀ?"

ಎತ್ತಿದ ಚೆಂಬಿನ ನೀರನ್ನು ಹಂಡೆಗೇ ವಾಪಸು ಸುರಿದೆ. ಯಾಕೆಂದರೆ ಮೂರು ವಾರದ ಹಿಂದೆ ಮಂಜನಿಗೆ ಆರು ತಿಂಗಳ ಜೈಲು ಶಿಕ್ಷೆಯಾಗಿದೆ. ಶಿಕ್ಷೆ ಆಗಿದ್ದು ನನ್ನ ಸಾಕ್ಷಿಯ ಮೇಲೆ. ನನ್ನ ಸಾಕ್ಷಿ ನಿಂತಿದ್ದು ಆ ವಾಚಿನ ಮೇಲೆ.

ಈ ವಾರದ ಅಂಕಣದಲ್ಲಿ ನನ್ನಿಂದ ತಮಾಷೆ ನಿರೀಕ್ಷಿಸಬೇಡಿ. ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಅಂತ ಒಂದೊಂದಾಗಿ ಹೇಳುತ್ತೇನೆ, ಕೊನೆಯಲ್ಲಿ ನನ್ನ ಹೆಸರೂ ಬರುತ್ತದೆ.

ಮೊದಲು ವಾಚಿನ ಕಥೆ. ಹೋದ ವರ್ಷದ ಹಿಂದಿನ ದೀಪಾವಳಿಗೆ ಹೆಂಡತಿಯ ತಮ್ಮ ದುಬೈಯಿಂದ ಬಂದವನು ನನಗೊಂದು ಡಿಜಿಟಲ್ ವಾಚು ತಂದ. ಮುಳ್ಳೇ ಇಲ್ಲದ ವಾಚು. ಕರಿ ಅಂಕಿಗಳು, ಪಕ್ಕದಲ್ಲಿ ಓಡುವ ಸೆಕೆಂಡುಗಳು, ಗುಂಡಿ ಒತ್ತಿದರೆ ಪುಟ್ಟ ದೀಪ. ಅದರಲ್ಲಿ ಇನ್ನೂ ದುಬೈ ಟೈಮೇ ಇತ್ತು. "ಕೊಡಿ ಭಾವ, ಸರಿ ಮಾಡ್ಕೊಡ್ತೀನಿ" ಅಂತ ನಮ್ಮ ಜಗಲಿಯಲ್ಲಿ ಕೂತು, ಪಿನ್ನಿನಿಂದ ಒತ್ತಿ ಒತ್ತಿ, ಗೋಡೆ ಗಡಿಯಾರ ನೋಡಿ ಟೈಮು ಇಟ್ಟ. ಸೆಕೆಂಡು ಸಮೇತ ಹೊಂದಿಸಿದ. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

ಈಗ ನಮ್ಮ ಗೋಡೆ ಗಡಿಯಾರದ ಕಥೆ. (ನಿಮ್ಮ ಮನೆಯದೂ ಇದೇ ಇರಬೇಕು, ಸುಮ್ಮನೆ ನಗಬೇಡಿ.) ನಮ್ಮ ಗಡಿಯಾರ ಯಾವಾಗಲೂ ಕಾಲು ಗಂಟೆ ಮುಂದೆ. ಬಸ್ಸು ತಪ್ಪಬಾರದು ಅಂತ ನಾವೇ ಮುಂದಿಟ್ಟಿದ್ದು. ಕಾಲು ಗಂಟೆ ನಾವಿಟ್ಟಿದ್ದು, ಮೇಲಿನ ಎರಡು ನಿಮಿಷ ಅದೇ ಓಡಿದ್ದು. ಮನೆಯವರಿಗೆಲ್ಲ ಇದು ಗೊತ್ತು. ಎಂಟು ಅಂದರೆ ಎಂಟಲ್ಲ, ಇನ್ನೂ ಒಂದು ಲೋಟ ಕಾಫಿಗೆ ಹೊತ್ತಿದೆ ಅಂತ ಅರ್ಥ. ಕಳೆದು ನೋಡುವುದು ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ, ಕಳೆಯುತ್ತಿದ್ದೇವೆ ಅನ್ನುವುದೇ ಮರೆತುಹೋಗಿದೆ.

ಮುಳ್ಳಿನ ಗಡಿಯಾರ ನೋಡಿ ಕಳೆಯುತ್ತಿದ್ದ ನಾನು, ಅದೇ ಟೈಮು ಅಂಕಿಯಾಗಿ ಕೈಗೆ ಬಂದ ದಿನದಿಂದ ಕಳೆಯಲೇ ಇಲ್ಲ. ಒಂದು ದಿನವೂ ಹೊಳೆಯಲಿಲ್ಲ. ಸೆಕೆಂಡು ತೋರಿಸುವ ವಾಚು ನಿಮಿಷದಲ್ಲಿ ತಪ್ಪೀತೇ? ಬದಲಿಗೆ ಸಾಗರದ ಬಸ್ಸುಗಳೆಲ್ಲ ಲೇಟಾಗತೊಡಗಿದವು! ಇದೇ ಜಾಗದಲ್ಲಿ ಒಂದು ವಾರ ಬಸ್ಸಿನವರ ಜನ್ಮ ಜಾಲಾಡಿದ್ದೆ, ನಿಮಗೆ ನೆನಪಿರಬಹುದು. ಹದಿನೈದು ಇಪ್ಪತ್ತು ನಿಮಿಷ ಲೇಟು ಬರುವುದೇ ಇವರಿಗೆ ಕಾಯಿದೆಯಾಗಿದೆ ಅಂತ ಬರೆದಿದ್ದೆ. ಪಾಪ, ಅವರು ಸರಿಯಾಗಿಯೇ ಬರುತ್ತಿದ್ದರು.

ಇನ್ನು ಮಂಜ. ಹೊನ್ನೆಮರಡಿನ ಕಡೆ ಹಿನ್ನೀರಿನಲ್ಲಿ ದೋಣಿ ಹಾಕುವವನು. ಮುಳುಗಿದ ಊರಿನ ಮನುಷ್ಯ. ನೀರಿನ ಮೇಲೆ ಹೋಗುತ್ತಾ ಇಲ್ಲಿ ಯಾರ ಹಿತ್ತಲಿತ್ತು, ಅಲ್ಲಿ ಯಾರ ಕಣವಿತ್ತು ಅಂತ ಹೇಳುತ್ತಾನೆ. ಅವನ ಪರವಾನಗಿಯಲ್ಲಿ ಒಂದೇ ಕರಾರು, ಸಂಜೆ ಆರರ ನಂತರ ದೋಣಿ ಹಾಕಕೂಡದು.

ಹೋದ ವರ್ಷ ಸಂಕ್ರಾಂತಿಯ ಮರುವಾರ ಆಚೆ ದಡದ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಮುಗಿಸಿ ಮಂಜನ ದೋಣಿಯಲ್ಲೇ ಈಚೆ ಬಂದು, ಸಾಗರದ ಆರರ ಬಸ್ಸಿಗೆ ಕಾಯುತ್ತಾ ದಡದಲ್ಲಿ ಕೂತಿದ್ದೆ. ಮಂಜ ವಾಪಸು ಹೋಗಿ ಕಡೆಯ ಟ್ರಿಪ್ಪಿನಲ್ಲಿ ಐದು ಜನರನ್ನು ಹಾಕಿಕೊಂಡು ಬರುತ್ತಿದ್ದ. ದಡ ಇನ್ನು ಮೂವತ್ತು ಮಾರು ಇದೆ ಅನ್ನುವಾಗ ದೋಣಿ ನೀರೊಳಗಿನ ಬೊಡ್ಡೆಗೆ ಬಡಿದು ಮಗುಚಿತು. ಅದು ನೀರು ಇಳಿಯುವ ಕಾಲ. ಮುಳುಗಿದ ಕಾಡಿನ ಬೊಡ್ಡೆಗಳು ಆಗ ವಾರಕ್ಕೊಂದು ಗೇಣು ಮೇಲೆ ಬರುತ್ತವೆ, ಮಟ ಮಟ ಮಧ್ಯಾಹ್ನವೂ ಕಾಣುವುದಿಲ್ಲ.

ಎಲ್ಲರನ್ನೂ ಮಂಜನೇ ದಡಕ್ಕೆ ಎಳೆದು ತಂದ. ತೀರ್ಥಹಳ್ಳಿ ಕಡೆಯ ಒಬ್ಬ ಹೆಂಗಸಿನ ಕಾಲು ಮಾತ್ರ ದೋಣಿಯಡಿ ಸಿಕ್ಕಿ ಮುರಿದಿತ್ತು. ಆಕೆ ಈಗಲೂ ಕೋಲು ಹಿಡಿದು ನಡೆಯುತ್ತಾರೆ. ಅವರ ನೋವನ್ನು ನಾನು ಸಣ್ಣದು ಮಾಡುತ್ತಿಲ್ಲ.

ದೋಣಿ ಮಗುಚಿದ ಕೂಡಲೇ ನಾನೇನು ಮಾಡಿದೆ? ನೀರಿಗೆ ಹಾರಿದೆನೇ? ಇಲ್ಲ. ವಾಚು ನೋಡಿದೆ! ಆರು ಗಂಟೆ, ಏಳು ನಿಮಿಷ, ನಲವತ್ತೆರಡು ಸೆಕೆಂಡು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂಕಣಕಾರ ನೋಡಿ, ಬರೆಯದೆ ಇರಲಾಗುತ್ತದೆಯೇ?

ಆ ಒಂದು ಸಾಲಿನಿಂದ ಕೇಸಿನ ಮುಖ್ಯ ಸಾಕ್ಷಿಯಾದೆ. ಕೇಸೆಲ್ಲ ಇದ್ದದ್ದು ಒಂದೇ ಪ್ರಶ್ನೆಯಲ್ಲಿ. ಆರರ ಒಳಗಾದರೆ ಅದು ಆಕಸ್ಮಿಕ. ಆರು ದಾಟಿದ್ದರೆ ಮಂಜನ ಅಪರಾಧ.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಟೈಮು ಹೇಳಿ ಅಂದರು. ಹೇಳಿದೆ. ಸೆಕೆಂಡು ಅಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಗುಜುಗುಜು. ವಕೀಲರು ಮದುಮಗನ ಕೈ ಹಿಡಿದ ಹಾಗೆ ನನ್ನ ಕೈ ಹಿಡಿದು ಎತ್ತಿದರು. "ಮಹಾಸ್ವಾಮಿ, ಇದು ಡಿಜಿಟಲ್ ವಾಚು. ಕೀಲಿ ಕೊಡೋ ಹಾಗಿಲ್ಲ, ನಿಲ್ಲೋ ಹಾಗಿಲ್ಲ. ಇದಕ್ಕೆ ಯಾರ ಮೇಲೂ ದ್ವೇಷ ಇಲ್ಲ, ಯಾರ ಮೇಲೂ ಪ್ರೀತಿ ಇಲ್ಲ. ತಾವೇ ನೋಡಬೇಕು."

ಜಡ್ಜ್ ಸಾಹೇಬರು ಕೈ ಚಾಚಿದರು. ವಾಚು ಬಿಚ್ಚಿ ಕೊಟ್ಟೆ. ತಿರುಗಿಸಿ ನೋಡಿದರು, ದೀಪದ ಗುಂಡಿ ಒತ್ತಿದರು, ಇನ್ನೊಂದು ಸಲ ಒತ್ತಿದರು. ಆಮೇಲೆ ತಮ್ಮ ಕೈಯ ಮುಳ್ಳಿನ ವಾಚು ನೋಡಿಕೊಂಡರು. "ಓ, ನಂದು ಬಹಳ ಹಿಂದೆ ಹೋಗ್ತಾ ಇದೆಯಲ್ರೀ" ಅಂದರು. ಕೀಲಿ ಎಳೆದು, ಮುಳ್ಳು ತಿರುಗಿಸಿ, ನನ್ನ ವಾಚಿಗೆ ಸರಿಯಾಗಿ ಇಟ್ಟುಕೊಂಡರು. (ಇದು ನ್ಯಾಯಾಂಗ ನಿಂದನೆಯಾದೀತು ಅಂತ ನಮ್ಮ ಸಂಪಾದಕರಿಗೆ ಹೆದರಿಕೆ. ನಡೆದದ್ದನ್ನು ಹೇಳುತ್ತಿದ್ದೇನೆ, ನಿಂದಿಸುವುದಿದ್ದರೆ ನನ್ನನ್ನು ನಿಂದಿಸಿಕೊಳ್ಳುತ್ತೇನೆ.)

ಎರಡು ವಾಚು ಎದುರಾಬದುರು ಇದ್ದವು. ಟೈಮು ಬೇರೆ ಬೇರೆ ಇತ್ತು. ಒಂದು ತಪ್ಪಿರಲೇಬೇಕು. ಯಾವುದು ಅಂತ ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ.

ಮಂಜನ ಪರ ಒಬ್ಬರು ಎಳೆಯ ವಕೀಲರಿದ್ದರು. ನನ್ನನ್ನು ಕಾಲು ಗಂಟೆ ಪ್ರಶ್ನಿಸಿದರು. ನಿಮಗೆ ಕನ್ನಡಕ ಇದೆಯಾ, ದಡದಿಂದ ದೋಣಿ ಎಷ್ಟು ದೂರ, ಶಾಲೆಯಲ್ಲಿ ಊಟ ಜಾಸ್ತಿಯಾಗಿ ತೂಕಡಿಸಿದ್ರಾ. ಎಲ್ಲ ಕೇಳಿದರು. ನಿಮ್ಮ ವಾಚಿಗೆ ಟೈಮು ಇಟ್ಟಿದ್ದು ಯಾರು, ಏನು ನೋಡಿ ಇಟ್ಟರು? ಅದೊಂದನ್ನು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ನನಗೆ ಗೋಡೆ ಗಡಿಯಾರ ನೆನಪಾಗುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅವರೇ ಕಾಫಿ ಅಂಗಡಿಗೆ ಹುಡುಕಿಕೊಂಡು ಬಂದರು. "ಸಾರ್, ಈ ವಾಚು ಇಲ್ಲಿ ಸಿಗುತ್ತಾ? ದುಬೈಯಿಂದಾನೇ ತರಿಸ್ಬೇಕಾ?"

ಆಮೇಲೆ ಮಂಜ ತನ್ನ ಪರವಾಗಿ ತಾನೇ ಕಟಕಟೆ ಹತ್ತಿದ.

"ಹೊತ್ತು ಎಷ್ಟಾಗಿತ್ತಪ್ಪಾ?" ಅಂದರು ಸರ್ಕಾರಿ ವಕೀಲರು.

"ಆರಾಗಿರ್ಲಿಲ್ಲ ಸ್ವಾಮಿ. ಹೊತ್ತು ಇನ್ನೂ ಗುಡ್ಡದ ಮೇಲೆ ಒಂದಾಳು ಎತ್ತರ ಇತ್ತು."

"ಒಂದಾಳು? ಎಂಥಾ ಆಳು? ಕುಳ್ಳನೋ, ಉದ್ದದವನೋ?"

ಕೋರ್ಟು ನಕ್ಕಿತು. ನಾನೂ ನಕ್ಕೆ.

"ಮತ್ತೆ ಆರರ ಬಸ್ಸೂ ಬಂದಿರ್ಲಿಲ್ಲ ಸ್ವಾಮಿ. ಆಮೇಲೆ ಬಂತು. ಬೇಕಾದ್ರೆ ಅವ್ರನ್ನೇ ಕೇಳಿ" ಅಂತ ನನ್ನ ಕಡೆ ಕೈ ತೋರಿಸಿದ.

ಸರ್ಕಾರಿ ವಕೀಲರು ಫೈಲಿನಿಂದ ಒಂದು ಪೇಪರ್ ತುಂಡು ತೆಗೆದರು. ನನ್ನದೇ ಅಂಕಣ! ಬಸ್ಸು ಯಾವಾಗಲೂ ಹದಿನೈದು ಇಪ್ಪತ್ತು ನಿಮಿಷ ಲೇಟು ಅಂತ ನಾನು ಬರೆದದ್ದನ್ನು ಓದಿ ಹೇಳಿದರು. ಬಸ್ಸಿನ ಸಾಕ್ಷಿಯೂ ಬಿದ್ದುಹೋಯಿತು. ಒಂದೇ ಕೆಟ್ಟ ವಾಚಿನಿಂದ ಮಂಜನನ್ನು ಎರಡು ಸಲ ಹೊಡೆದೆ.

ಬಿಸಿಲಿಗೆ ಮೈ ಒಡ್ಡಿ ಮೂವತ್ತು ವರ್ಷ ದುಡಿದವನು ಹೊತ್ತು ಹೇಳಿದರೆ ನಗು. ದೀಪದ ಗುಂಡಿ ಇರುವ ವಾಚು ಹೇಳಿದರೆ ತೀರ್ಪು. ಯಾಕೆ ಹೀಗೆ? ಅಂಗಡಿಯವನು "ಕ್ಯಾಲ್ಕುಲೇಟರಲ್ಲೇ ಬಂದಿದೆ ಸಾರ್" ಅಂದರೆ ನಾವು ಬಾಯಿ ಮುಚ್ಚುತ್ತೇವೆ. ಜಾತಕ ನಂಬದವನೂ ಕಂಪ್ಯೂಟರ್ ಜಾತಕ ಅಂದರೆ ಒಂದು ಸಲ ಇಣುಕುತ್ತಾನೆ. ಯಂತ್ರ ಸುಳ್ಳು ಹೇಳುವುದಿಲ್ಲ ಅನ್ನುತ್ತೇವೆ. ನಿಜ, ನಾವು ಹೇಳಿಕೊಟ್ಟದ್ದನ್ನು ಅದು ಹೇಳುತ್ತದೆ. ಏನು ಹೇಳಿಕೊಟ್ಟಿದ್ದೆವು ಅಂತ ಆಮೇಲೆ ನಾವೇ ಮರೆಯುತ್ತೇವೆ. ಮಂಜ ಅಂದಾಜು ಹೇಳುತ್ತಿದ್ದೇನೆ ಅಂತ ಒಪ್ಪಿಕೊಂಡಿದ್ದ. ನಾನು ತಪ್ಪನ್ನು ಸೆಕೆಂಡಿನವರೆಗೆ ಖಚಿತವಾಗಿ ಹೇಳಿದೆ, ಅದಕ್ಕೇ ನಂಬಿದರು.

ಭಾನುವಾರ ಒದ್ದೆ ತಲೆಯಲ್ಲೇ ಆ ಎಳೆಯ ವಕೀಲರ ಮನೆಗೆ ಓಡಿದೆ. ಅಪೀಲಿಗೆಂದು ಒಂದು ತಿಂಗಳು ಶಿಕ್ಷೆ ತಡೆದಿದ್ದಾರೆ, ಮಂಜ ಜಾಮೀನಿನ ಮೇಲೆ ಮನೆಯಲ್ಲಿದ್ದಾನೆ, ಗಡುವಿಗೆ ಇನ್ನು ಒಂಬತ್ತು ದಿನ ಅಂದರು. "ಆದ್ರೆ ಅವ್ನು ಅಪೀಲು ಬೇಡ ಅಂತಾನೆ ಸಾರ್. ಅದೂ ಅಲ್ದೆ, ನೀವೀಗ ವಾಚು ತಪ್ಪು ಅಂದ್ರೆ ನಿಮ್ ತಲೆಗೇ ಬರುತ್ತೆ. ಸುಳ್ಳು ಸಾಕ್ಷಿ ಅಂತಾರೆ. ಯೋಚ್ನೆ ಮಾಡಿ."

ಆ ಕೇಸಿನಲ್ಲಿ ಯಾರಾದರೂ ಯೋಚನೆ ಮಾಡಿ ಅಂದದ್ದು ಅದೇ ಮೊದಲು.

ಸೋಮವಾರ ಮಂಜನ ಮನೆಗೆ ಹೋದೆ. ದೋಣಿ ದಡದಲ್ಲಿ ಬೋರಲು ಬಿದ್ದಿತ್ತು, ಪರವಾನಗಿಯೂ ಹೋಗಿದೆ. ಅವನ ಹೆಂಡತಿ ಗಿರಿಜಾ ಅಂಗಳದಲ್ಲೇ ತಡೆದಳು. ನಾನು ಬಂದ ವಿಷಯ ಹೇಳಿದೆ. ಗೋಡೆ ಗಡಿಯಾರ, ದುಬೈ, ಹದಿನೇಳು ನಿಮಿಷ, ಎಲ್ಲ. ಆಕೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನೀವು ಹೇಳಿದ್ಮೇಲೆ ಇವ್ರು ತಮ್ಮ ಕಣ್ಣೇ ಸರಿ ಇಲ್ಲ ಅಂತಿದಾರೆ ಸ್ವಾಮಿ. ಮೂರು ವಾರ ಆಯ್ತು, ದಿನಾ ಸಂಜೆ ದಡದಾಗೆ ಕೂತು ಹೊತ್ತು ಮುಳುಗೋದನ್ನ ನೋಡ್ತಾರೆ. ಪಕ್ಕದ ಮನೆ ಗಡಿಯಾರ ಕೇಳ್ಕೊಂಡು ಬಾ ಅಂತ ನನ್ನ ಓಡಿಸ್ತಾರೆ. ಆಕೆ ಕಾಲು ನನ್ನಿಂದ್ಲೇ ಹೋಯ್ತು ಅಂತ ಅನ್ನ ಬಿಟ್ಟಿದಾರೆ. ನೀವು ಹೋಗಿ ಹೇಳಿ. ನಾ ಹೇಳಿದ್ರೆ ನಂಬಲ್ಲ."

ಮಂಜ ದಡದಲ್ಲಿದ್ದ. ನನ್ನನ್ನು ಕಂಡು ಎದ್ದು ನಿಂತ. ಅವನೇ ಎದ್ದು ನಿಂತ! ನಾನು ತಪ್ಪು ಹೇಳಿದೆ ಮಂಜ, ವಾಚು ಮುಂದಿತ್ತು, ಆರಾಗಲು ಇನ್ನೂ ಹತ್ತು ನಿಮಿಷ ಇತ್ತು ಅಂದೆ.

ಅವನು ನಂಬಲಿಲ್ಲ. "ಇಲ್ಲ ಬಿಡಿ ಸ್ವಾಮಿ. ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತೀರಿ. ಜಡ್ಜೇ ತಮ್ ವಾಚು ತಿದ್ಕಂಡ್ರಲ್ಲ, ನಾ ಕಣ್ಣಾರೆ ನೋಡಿದೀನಿ. ಅಷ್ಟು ದೊಡ್ಡೋರು ತಿದ್ಕಂಡ್ರು ಅಂದ್ಮೇಲೆ ನಂದೇ ತಪ್ಪು. ಅದಕ್ಕೇ ಅಪೀಲು ಬೇಡ ಅಂದೆ."

ನನಗೆ ಬಂದ ಸಿಟ್ಟಿಗೆ ಆ ವಾಚನ್ನು ಹಿನ್ನೀರಿಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಈಗ ಅದೇ ಸಾಕ್ಷಿ. ಚೀಲದಿಂದ ಟ್ರಾನ್ಸಿಸ್ಟರ್ ತೆಗೆದೆ. ಇಬ್ಬರೂ ಕಾಯುತ್ತಾ ಕೂತೆವು. ಸಂಜೆ ಆರಕ್ಕೆ ರೇಡಿಯೋ ಕುಯ್ ಕುಯ್ ಅಂದಾಗ ವಾಚನ್ನು ಅವನ ಅಂಗೈಯಲ್ಲಿಟ್ಟೆ. ಆರೂ ಹದಿನೇಳು. ಅವನಿಗೆ ಓದು ಬರುವುದಿಲ್ಲ, ಆದರೆ ಅಂಕಿ ಗೊತ್ತು. ಸುಮಾರು ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ ಗುಡ್ಡ ನೋಡಿದ.

"ಹಂಗಾದ್ರೆ ಅವತ್ತು ಒಂದಾಳು ಇತ್ತು" ಅಂದ. ಕಣ್ಣು ಒರೆಸಿಕೊಂಡ.

ಅಪೀಲಿನ ಕಾಗದಕ್ಕೆ ಅವನು ಹೆಬ್ಬೆಟ್ಟು ಒತ್ತಿದ್ದಾನೆ. ನಾನು ಪ್ರಮಾಣಪತ್ರ ಬರೆದುಕೊಟ್ಟಿದ್ದೇನೆ, ತಪ್ಪೆಲ್ಲ ನನ್ನದು ಅಂತ. ಕೇಸು ಹಾಕುವವರು ಹಾಕಲಿ. ಮನೆಯ ಗೋಡೆ ಗಡಿಯಾರವನ್ನು ಹೆಂಡತಿ ಸರಿ ಮಾಡಿಟ್ಟಿದ್ದಾಳೆ, ಮಂಗಳವಾರವೇ ನನಗೆ ಬಸ್ಸು ತಪ್ಪಿತು.

ಉಳಿದದ್ದು ಒಂದೇ ಪ್ರಶ್ನೆ. ಜಡ್ಜ್ ಸಾಹೇಬರೇ, ತಮ್ಮ ಕೈಯ ವಾಚಿನಲ್ಲಿ ಈಗ ಗಂಟೆ ಎಷ್ಟು?