ಬೆಲ್ಟಜ್ಜಿಯ ಸೀಟು

ಮಕ್ಕಳ ಸಾಮಾನಿನ ಅಂಗಡಿಯವರು ಆಕೆಗೆ ಬೆಲ್ಟಜ್ಜಿ ಎಂದು ಹೆಸರಿಟ್ಟಿದ್ದರು. ಭಾನುವಾರ ಆಕೆ ಬಂದಳೆಂದರೆ ಮಾರುವವನು ಗೋದಾಮಿನೊಳಗೆ ನುಸುಳುತ್ತಿದ್ದ. ಗಂಡ ಬಿಟ್ಟುಹೋದ ಕಿರಿಮಗಳು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋಗಬೇಕು; ಕೂಸನ್ನು ಶಿಶುವಿಹಾರಕ್ಕೆ ಬಿಟ್ಟು ಕರೆತರಲು ಇಬ್ಬರು ಗಂಡುಮಕ್ಕಳೂ ಹಿರಿಯಳಿಯನೂ "ನಮ್ಮ ಕಾರಿದೆಯಲ್ಲಾ" ಎಂದಿದ್ದಾರೆ; ಹಾಗಾಗಿ ಕಾರಿನಲ್ಲಿ ಕೂಸನ್ನು ಕೂರಿಸಿ ಬಿಗಿಯುವ, ಮೂರು ಕಾರಿಗೂ ಹೊಂದುವ ಸೀಟೇ ಬೇಕು. ಒಂದೊಂದನ್ನೂ ಅಂಗಡಿ ಮುಂದೆ ನಿಲ್ಲಿಸಿದ ಅವರ ಕಾರುಗಳಿಗೇರಿಸಿ, ಮಂಡಿಯೂರಿ ಅದುಮಿ, ಬೆಲ್ಟು ಬಿಗಿದು, ದೆವ್ವ ಬಿಡಿಸುವ ಹಾಗೆ ಅಲುಗಾಡಿಸಿ, "ಅಲ್ಲಾಡುತ್ತಪ್ಪ, ಬೇರೆ ತೋರಿಸು" ಅನ್ನುವಳು. "ನನ್ನ ಕಾರಲ್ಲಿ ಬೆಲ್ಟೇ ಗಿಡ್ಡಮ್ಮ" ಎಂದು ಒಬ್ಬ ಮಗ ಫೋನಿನಿಂದ ತಲೆಯೆತ್ತದೆ ಹೇಳಿದರೆ, "ಹೊಸ ಲೆದರು, ಗೀರಾಗುತ್ತೆ" ಎಂದು ಇನ್ನೊಬ್ಬ. "ಅಲ್ಲಿ ನಮ್ಮ ನಾಯಿ ಕೂರೋದು ಅತ್ತೆ" ಎಂದು ಅಳಿಯ. ಆಕೆ ಎಲ್ಲವನ್ನೂ ಸೀಟಿನ ದೋಷವೆಂದೇ ತಿಳಿದು ಇನ್ನೊಂದನ್ನು ಎತ್ತುವಳು. ದೋಷ ಮಕ್ಕಳದ್ದು ಎಂದು ತಿಳಿಯುವುದು ಆಕೆಗೆ ಬಾರದ ವಿದ್ಯೆ. ಕಡೆಗೊಂದು ಸೀಟು ಮೂರು ಕಾರಿನಲ್ಲೂ ಬಂಡೆಯ ಹಾಗೆ ಕೂತಿತು. "ಕೂತ್ಕೊಂತು ನೋಡ್ರಪ್ಪಾ!" ಎಂದು ಬೆವರೊರೆಸಿಕೊಂಡು ನಕ್ಕು ತಿರುಗಿದರೆ ಮೂವರ ಮುಖವೂ ಇಳಿದಿತ್ತು. ಕೂಸನ್ನೆತ್ತಿಕೊಂಡು ನಿಂತಿದ್ದ ಕಿರಿಮಗಳು ಮೆಲ್ಲಗೆ ಅಂದಳು: "ಬಿಡಮ್ಮ, ಇನ್ನು ಕೆಲಸಕ್ಕೆ ಬರಲ್ಲ ಅಂತ ಮೊನ್ನೇನೇ ಆಫೀಸಿಗೆ ಹೇಳ್ಬಿಟ್ಟೆ. ಇವರಿಗೆಲ್ಲ ಗೊತ್ತು."