ಸಂಕದ ಜೀರಿಗೆಗೆ ನಾಲ್ಕೂವರೆ ಸಾವಿರ

ಟ್ರೇಡ್‌ಮಾರ್ಕ್ ನೋಂದಣಿ ವ್ಯರ್ಥ ಖರ್ಚು ಎಂದು ನಾನು ಚಿಕ್ಕಮ್ಮನ ಎದುರು ವಾದ ಶುರು ಮಾಡಿದ್ದು ಸಾಗರದ ಬಸ್ಸು ಹತ್ತುವ ಮೊದಲೇ. ಬಸ್ಸಿನೊಳಗೂ ಮುಂದುವರಿಸಿದೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಹೋದವಳು ನಾನು. ಪಕ್ಕದ ಸೀಟಿನಲ್ಲಿ ಯಾರಾದರೂ ಕೂತರೆ ಸಾಕು, ವಿರೋಧ ಪಕ್ಷ ಸಿಕ್ಕಂತೆ.

"ಆ ಕಾಗದ ಬಂದ ಕೂಡ್ಲೇ ಉಪ್ಪಿನಕಾಯಿ ರುಚಿ ಜಾಸ್ತಿ ಆಗ್ತದಾ?"

"ರುಚಿ ನಾ ಮಾಡ್ತೀನಿ ಮಾರಾಯ್ತಿ. ನನ್ ಹೆಸ್ರು ಇನ್ನೊಬ್ರ ಬಾಟ್ಲಿ ಮೇಲೆ ಕೂರ್ಬಾರ್ದು, ಅದಕ್ಕೆ ಕಾಗದ."

ಅವಳು 'ನನ್ ಹೆಸ್ರು' ಎಂದದ್ದು 'ಸಂಕದ ಜೀರಿಗೆ'ಯನ್ನು. ಹೊಸನಗರದ ಕಡೆ ಅವಳ ಮನೆಯ ಹತ್ತಿರ ಹಳ್ಳ ದಾಟಲು ಒಂದು ಕಾಲುಸಂಕವಿದೆ. ಅದರ ಪಕ್ಕದ ಮಾವಿನಮರದ ಮಿಡಿಯನ್ನು ಮುರಿದರೆ ಜೀರಿಗೆಯ ಪರಿಮಳ. ನಮ್ಮಲ್ಲಿ ಒಳ್ಳೆಯ ಮಿಡಿಮರಕ್ಕೆ ಮನುಷ್ಯರಿಗಿದ್ದ ಹಾಗೆ ಹೆಸರಿರುತ್ತದೆ. ಮರದ ಹೆಸರನ್ನೇ ಲೇಬಲ್ಲಿಗೆ ಹಾಕಿ ಚಿಕ್ಕಮ್ಮ ಕೆಲವು ವರ್ಷಗಳಿಂದ ಸಾಗರ, ತೀರ್ಥಹಳ್ಳಿಯ ಅಂಗಡಿಗಳಿಗೆ ಉಪ್ಪಿನಕಾಯಿ ಕೊಡುತ್ತಿದ್ದಳು. ಅದಕ್ಕೆ ಕೆಲವು ದಿನ ಮೊದಲು ಸಾಗರದ ಅಂಗಡಿಯೊಂದರಲ್ಲಿ ಅವಳ ಬಾಟಲಿಯ ಪಕ್ಕದಲ್ಲೇ ಇನ್ನೊಂದು 'ಸಂಕದ ಜೀರಿಗೆ' ಕೂತಿತ್ತು. ತೀರ್ಥಹಳ್ಳಿ ಕಡೆಯ ಯಾರೋ ಹೆಂಗಸಿನದು. ಅವತ್ತಿನಿಂದ ಚಿಕ್ಕಮ್ಮನಿಗೆ ಊಟ ಸರಿಯಾಗಿ ಸೇರಿರಲಿಲ್ಲ.

ಸಾಗರದ ಟ್ರೇಡ್‌ಮಾರ್ಕ್ ಏಜೆಂಟರ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮೇಲಿತ್ತು. ಅರವತ್ತು ದಾಟಿದ ಮನುಷ್ಯ, ಅವಸರವೇ ಇಲ್ಲದವರು. ನಾನು ಕೂರುವ ಮೊದಲೇ ಕೇಳಿದೆ: "ಒಟ್ಟು ಎಷ್ಟಾಗ್ತದೆ?"

"ವ್ಯಕ್ತಿ ಹೆಸ್ರಲ್ಲಿ ಆನ್‌ಲೈನ್ ಹಾಕಿದ್ರೆ ಸರ್ಕಾರದ ಫೀಸು ನಾಲ್ಕೂವರೆ ಸಾವಿರ. ಒಂದು ವರ್ಗಕ್ಕೆ."

"ವರ್ಗ ಅಂದ್ರೆ?"

"ಸಾಮಾನಿನ ಗುಂಪು. ಉಪ್ಪಿನಕಾಯಿ ಒಂದು ಗುಂಪು, ಹಪ್ಪಳ ಇನ್ನೊಂದು."

ಚಿಕ್ಕಮ್ಮ ಹಲಸಿನ ಹಪ್ಪಳವನ್ನೂ ಮಾರುತ್ತಾಳೆ. "ಎರಡೂ ಒಂದೇ ಅಡಿಗೆಮನೇಲಿ ಮಾಡದಲ್ವಾ?" ಎಂದಳು.

"ಅಡಿಗೆಮನೆ ಒಂದೇ ಅಮ್ಮ. ಫೀಸು ಎರಡು."

ನನಗೆ ಹುರುಪು ಬಂತು. ನಿಮ್ಮ ಶುಲ್ಕ? ಮೂರು ಸಾವಿರ. ಇಲಾಖೆ ಆಕ್ಷೇಪಣೆ ತೆಗೆದರೆ? ಉತ್ತರ ಬರೆಯಲು ಬೇರೆ, ವಿಚಾರಣೆಗೆ ಬೇರೆ. ಅರ್ಜಿ ಬಿದ್ದುಹೋದರೆ ಕಟ್ಟಿದ್ದು ವಾಪಸ್ಸೇ? ಇಲ್ಲ. ಸಿಕ್ಕರೆ ಜೀವನಪೂರ್ತಿಯೇ? ಹತ್ತು ವರ್ಷ, ಆಮೇಲೆ ಮತ್ತೆ ಕಟ್ಟಬೇಕು. ತೀರ್ಪುಗಾರರತ್ತ ತಿರುಗುವ ಹಾಗೆ ಚಿಕ್ಕಮ್ಮನತ್ತ ತಿರುಗಿದೆ.

"ನೀ ಯಾರ ಕಡೆಯವ್ಳೇ?" ಎಂದಳು. "ಇವ್ರು ಸಮಾಧಾನವಾಗಿ ಹೇಳ್ತಿದಾರೆ, ನೀ ಪೊಲೀಸ್ನೋರ ಥರ ಕೇಳ್ತಿದೀಯ."

ಏಜೆಂಟರು ನಕ್ಕರು. "ಕೇಳ್ಲಿ ಬಿಡಿ. ಕೇಳ್ದೆ ಕಟ್ಟಿ ಆಮೇಲೆ ಬೈಯೋರೇ ಜಾಸ್ತಿ." ಆಮೇಲೆ ಪೆನ್ನು ತೆಗೆದು, "ಈ ಹೆಸ್ರನ್ನ ನಿಮ್ಮನ್ನ ಬಿಟ್ಟು ಬೇರೆ ಯಾರಾದ್ರೂ ಬಳಸ್ತಾರಾ?" ಎಂದರು.

ಇಲ್ಲ ಎನ್ನುವ ಬದಲು ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ನೆಟ್ಟಗೆ ಕೂತಳು. "ಬಳಸ್ದೆ ಮತ್ತೆ! ಕಸಿ ಕಟ್ಟಕ್ಕೆ ಕಡ್ಡಿ ಕೇಳ್ಕಂಡು ಎಲ್ಲೆಲ್ಲಿಂದ ಬರ್ತಾರೆ. ಆನಂದಪುರದಿಂದ ಬಂದ್ರು, ತೀರ್ಥಹಳ್ಳಿಯಿಂದ ಬಂದ್ರು. ಯಾರಿಗೂ ಇಲ್ಲ ಅಂದಿಲ್ಲ, ಒಂದ್ರೂಪಾಯಿ ತಗಂಡಿಲ್ಲ. ಒಂದೇ ಮಾತು, ಮರದ ಹೆಸ್ರು ಮಾತ್ರ ಬದ್ಲಾಯ್ಸಬಾರ್ದು. ಹಂಗಂತ ಮಾತು ತಗಂಡೇ ಕಡ್ಡಿ ಕೊಡದು."

ಏಜೆಂಟರು ಪೆನ್ನಿಗೆ ಮುಚ್ಚಳ ಹಾಕಿದರು.

"ಅಮ್ಮ, ಹಾಗಾದ್ರೆ ಅದು ಮಿಡಿ ಜಾತಿಯ ಹೆಸ್ರಾಯ್ತು. ಅದನ್ನ ನಿಮ್ಮೊಬ್ಬರ ಹೆಸ್ರಿಗೆ ಕೇಳಿದ್ರೆ ನಿಲ್ಲೋದು ಕಷ್ಟ. ನನ್ ಫೀಸು ನಂಗೆ ಬರ್ತದೆ, ನಿಮ್ ದುಡ್ಡು ಹೋಗ್ತದೆ."

ನಾನು ಗೆದ್ದಿದ್ದೆ, ಅದೂ ಎದುರಾಳಿಯ ಬಾಯಿಂದಲೇ. ಆದರೆ ಚಿಕ್ಕಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ತನ್ನದು ಎಂದು ಅವಳು ಕೇಳಿದ್ದು ಅದೊಂದನ್ನೇ. ಗೆದ್ದ ಖುಷಿ ಅಲ್ಲೇ ಸತ್ತಿತು.

ಅಲ್ಲಿಂದ ಕಣ್ಣು ತೆಗೆಯದೆ ಅವಳೇ ಹೇಳಿದಳು: "ಹಂಗಾರೆ ಆ ತೀರ್ಥಹಳ್ಳಿಯವ್ಳು ಕದ್ದಿಲ್ಲ. ನಾ ಹೇಳ್ದಂಗೇ ನಡ್ಕಂಡಾಳೆ." ಮತ್ತೆ, "ಸುಮ್ನೆ ಬೈದೆ ಪಾಪ."

"ಬೇರೆ ಹೆಸ್ರು ಯೋಚ್ನೆ ಮಾಡಿ," ಎಂದರು ಏಜೆಂಟರು. "ಉಪ್ಪಿನಕಾಯಿಗೂ ಅದಕ್ಕೂ ಸಂಬಂಧ ಇರ್ಬಾರ್ದು. ಅಂಥದ್ದು ಗಟ್ಟಿ ನಿಲ್ತದೆ."

"ಸಂಬಂಧ ಇಲ್ದಿದ್ ಹೆಸ್ರು ಯಾರು ಇಡ್ತಾರೆ?" ನಾನು ಮತ್ತೆ ಶುರು ಮಾಡಿದೆ.

"ಲಾಂಚು," ಎಂದಳು ಚಿಕ್ಕಮ್ಮ.

ಅವಳ ಕಣ್ಣು ಕ್ಯಾಲೆಂಡರಿನ ಹಿನ್ನೀರಿನ ಚಿತ್ರದ ಮೇಲಿತ್ತು. ಸಿಗಂದೂರಿಗೆ ಸೇತುವೆ ಆಗುವ ತನಕ ಅವಳು ವರ್ಷಕ್ಕೊಮ್ಮೆ ಜನ, ಬಸ್ಸು ಸಾಗಿಸುವ ಲಾಂಚಿನಲ್ಲೇ ಹಿನ್ನೀರು ದಾಟುತ್ತಿದ್ದಳು. ದೇವಿಯ ದರ್ಶನಕ್ಕಿಂತ ಲಾಂಚಿನ ಕಂಬಿ ಹಿಡಿದು ನಿಲ್ಲುವುದೇ ಅವಳಿಗೆ ಹೆಚ್ಚು ಇಷ್ಟ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಲಾಂಚ್ ಉಪ್ಪಿನಕಾಯಿ ಅಂದ್ರೆ ಡೀಸೆಲ್ ವಾಸ್ನೆ ಬರಲ್ವಾ ಚಿಕ್ಕಮ್ಮ?"

"ನಿಂಗೆ ಬರ್ತದೆ. ತಿನ್ನೋರಿಗೆ ಬರಲ್ಲ."

ಏಜೆಂಟರು ಆಗಲೇ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದರು. ಉಪ್ಪಿನಕಾಯಿಯ ವರ್ಗದಲ್ಲಿ ಅಡ್ಡಬರುವಂಥ ಹೆಸರು ಕಾಣಲಿಲ್ಲ. ಕಾಣಲಿಲ್ಲವೆಂದರೆ ಇಲ್ಲವೇ ಇಲ್ಲವೆಂದಲ್ಲ, ಯಾರಾದರೂ ವಿರೋಧಿಸಲೂಬಹುದು ಎಂದು ಅವರೇ ಎಚ್ಚರಿಸಿದರು. ನಾನು ಹೇಳಬೇಕಾಗಿದ್ದ ಮಾತನ್ನು ಅವರೇ ಹೇಳಿಬಿಟ್ಟರು. ಹಪ್ಪಳಕ್ಕೆ ಸದ್ಯ ಬೇಡವೆಂದಾಯಿತು. ನಾಲ್ಕೂವರೆ ಮತ್ತು ಮೂರು, ಏಳೂವರೆ ಸಾವಿರ. ಚಿಕ್ಕಮ್ಮ ಅರ್ಜಿಗೆ ಸಹಿ ಹಾಕುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದಳು.

ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಇಷ್ಟು ಬೇಗ ಹೊಸ ಲೇಬಲ್ ಅಚ್ಚು ಹಾಕಿಸುವುದು ಬೇಡ ಎಂಬ ನನ್ನ ವಾದವೂ ಸೋತಿದೆ. ಬಾಟಲಿಯ ಮೇಲೆ ದೊಡ್ಡದಾಗಿ 'ಲಾಂಚು', ಕೆಳಗೆ ಸಣ್ಣಕ್ಷರದಲ್ಲಿ 'ಸಂಕದ ಜೀರಿಗೆ ಮಿಡಿ'. ಆ ಸಣ್ಣಕ್ಷರ ಯಾರು ಬೇಕಾದರೂ ಹಾಕಿಕೊಳ್ಳಲಿ ಎನ್ನುತ್ತಾಳೆ. ಮೊನ್ನೆ ಸಾಗರದ ಅಂಗಡಿಗೆ ಹೋದಾಗ ತೀರ್ಥಹಳ್ಳಿಯವಳ ಬಾಟಲಿ ಒಂದನ್ನು ದುಡ್ಡು ಕೊಟ್ಟು ತಂದಳು. ಊಟಕ್ಕೆ ಕೂತಾಗ ಒಂದು ಮಿಡಿ ಕಚ್ಚಿ, ಕಣ್ಣುಮುಚ್ಚಿ ರುಚಿ ನೋಡಿ, "ಮಿಡಿ ನಮ್ದೇ. ಉಪ್ಪು ಒಂಚೂರು ಜಾಸ್ತಿ ಹಾಕಿದಾಳೆ," ಎಂದು ಇನ್ನೊಮ್ಮೆ ಅನ್ನ ಬಡಿಸಿಕೊಂಡಳು.